ಮನೆಯಿಂದ ಹತ್ತು ಮೈಲಿ: 1847ನೆಯ ಇಸವಿಯ ಒಬ್ಬ ವಿದ್ಯಾರ್ಥಿನಿಯ ದಿನಚರಿ

ಮಗಳನ್ನು ಮೊತ್ತಮೊದಲು ವಸತಿಗೃಹದಲ್ಲಿ ಬಿಟ್ಟು ಹಿಂದಿರುಗುವ ತಾಯ್ತಂದೆಗಳ ಮನಸ್ಸಿನಲ್ಲಿ ಏಳುವ ಪ್ರಶ್ನೆಗಳು ಯಾವ ದೇಶದಲ್ಲಾಗಲಿ ಯಾವ ಕಾಲದಲ್ಲಾಗಲಿ ಹೆಚ್ಚು ಬೇರೆಯಾಗಿರಲಾರವು. ಹೊತ್ತಿಗೆ ಸರಿಯಾಗಿ ಹೊಟ್ಟೆಗೆ ಬೀಳುವುದೇ? ಕಾಯಿಲೆಯಾದರೆ ಹತ್ತಿರ ಕೂಡುವವರಾರು? ಮನೆಯನ್ನು ನೆನೆದು ಅಳುವಳೋ, ಇಲ್ಲವೆ ಮನೆಯನ್ನೇ ಮರೆತುಬಿಡುವಳೋ? ಇವುಗಳಿಗೆಲ್ಲ ಉತ್ತರ ಹೇಳಬಲ್ಲವಳು ಆ ಮಗಳೊಬ್ಬಳೇ ಸರಿ. ಆದರೆ ಮನೆಗೆ ಬರೆಯುವ ಕಾಗದದಲ್ಲಿ ಬರೆದುದೆಷ್ಟೋ, ಬರೆಯದೆ ಬಿಟ್ಟುದೂ ಅಷ್ಟೇ ಎಂಬುದನ್ನು ಈ ಸಂಚಿಕೆಯನ್ನು ಓದುವ ಹಳೆಯ ವಿದ್ಯಾರ್ಥಿನಿಯರು ಬಲ್ಲರು. ಅದನ್ನು ನಾನು ಬಿಡಿಸಿ ಹೇಳಬೇಕಾದುದಿಲ್ಲ.

ಅಮೆರಿಕ ದೇಶದ ಮಸಾಚುಸೆಟ್ಸ್ ಸಂಸ್ಥಾನದಲ್ಲಿ ಸೌತ್ ಹ್ಯಾಡ್ಲಿ ಎಂಬ ಹಳ್ಳಿ ಇರುವುದು. ಅಲ್ಲಿನ ಮೌಂಟ್ ಹೋಲ್ಯೋಕ್ ಸ್ತ್ರೀ ವಿದ್ಯಾಶಾಲೆಗೆ 1847ರ ಶರತ್ಕಾಲದಲ್ಲಿ ಹದಿನಾರು ವರ್ಷದ ಒಬ್ಬ ಬಾಲಿಕೆ ಬಂದು ಸೇರಿದಳು. ಆಕೆಯ ಊರು ಆಮ್ಹರ್ಸ್ಟ್. ಶಾಲೆಯಿಂದ ಅಲ್ಲಿಗೆ ಹೆಚ್ಚೆಂದರೆ ಹತ್ತು ಮೈಲಿ. ತಂದೆ ಎಡ್ವರ್ಡ್ ಡಿಕಿನ್ಸನ್ ಅಲ್ಲಿಯ ವಕೀಲರು, ಆ ಊರಿನ ಕಾಲೇಜಿನ ಖಜಾಂಚಿಗಳು. ಮಗಳ ಹೆಸರು ಎಮಿಲಿ. ಮುಂದೆ ಆಕೆ ಲೋಕಪ್ರಸಿದ್ಧ ಕವಯಿತ್ರಿಯಾದಳೆಂಬುದು ನಿಜವಾದರೂ ಇಲ್ಲಿ ನಮಗೆ ಬೇಕಾದುದು ಆ ಕೀರ್ತಿಯಲ್ಲ. ಆ ಒಂದು ವರ್ಷ ಆಕೆ ತನ್ನ ಅಣ್ಣ ಆಸ್ಟಿನ್‌ಗೂ ಗೆಳತಿ ಅಬಯಾ ರೂಟ್‌ಗೂ ಬರೆದ ಕಾಗದಗಳು ಉಳಿದುಬಂದಿವೆ. ಹತ್ತೊಂಬತ್ತನೆಯ ಶತಮಾನದ ಒಬ್ಬ ತರುಣಿ ತಾಯ್ತಂದೆಗಳನ್ನು ಅಗಲಿ ಹೇಗೆ ದಿನ ಕಳೆದಳೆಂಬುದು ಅವುಗಳಲ್ಲಿ ಗಂಟೆ ಗಂಟೆಗೂ ಕಾಣುವುದು.

ಶಾಲೆಯನ್ನು ತಿಳಿಯಬೇಕಾದರೆ ಮೊದಲು ಅದನ್ನು ಕಟ್ಟಿದವರನ್ನು ತಿಳಿಯಬೇಕು. ಮೇರಿ ಲಾಯನ್ ಅವರು 1797ರಲ್ಲಿ ಬಕ್‌ಲೆಂಡ್ ಎಂಬ ಗುಡ್ಡಗಾಡಿನ ಹಳ್ಳಿಯ ಒಕ್ಕಲು ಮನೆಯಲ್ಲಿ ಹುಟ್ಟಿದರು. ಚಿಕ್ಕಂದಿನಲ್ಲಿಯೇ ತಂದೆ ತೀರಿಕೊಂಡರು. ತಾಯಿ ಮರುಮದುವೆಯಾಗಿ ಬೇರೆ ಊರಿಗೆ ಹೋದ ಮೇಲೆ, ಹದಿಮೂರು ವರ್ಷದ ಮೇರಿ ಅಣ್ಣನ ಮನೆವಾರ್ತೆಯನ್ನು ನೋಡಿಕೊಂಡು ವಾರಕ್ಕೆ ಒಂದು ಡಾಲರಿನಂತೆ ಕೂಲಿ ಪಡೆದರು. ಹದಿನೇಳನೆಯ ವಯಸ್ಸಿನಲ್ಲಿ ಉಪಾಧ್ಯಾಯಿನಿಯಾದಾಗ ದೊರೆತ ಸಂಬಳ ವಾರಕ್ಕೆ 75 ಸೆಂಟು. ಊಟ ವಸತಿ ಶಿಷ್ಯರ ಮನೆಗಳಲ್ಲಿ ಸರದಿಯ ಮೇಲೆ. ಹೀಗೆ ತಾವೇ ಪರರ ಮನೆಗಳಲ್ಲಿ ಬೆಳೆದು ಓದಿದವರು ಅವರು. ಒಕ್ಕಲಿಗರ ಹೆಣ್ಣುಮಕ್ಕಳಿಗೆ ಎಟುಕುವ ದರದಲ್ಲಿ ಗಂಡುಮಕ್ಕಳ ಕಾಲೇಜಿಗೆ ಸಮನಾದ ವಿದ್ಯೆ ದೊರೆಯಬೇಕೆಂದು ಸಂಕಲ್ಪಿಸಿದರು. ಹಸಿರು ಮಖಮಲ್ಲಿನ ಒಂದು ಚೀಲವನ್ನು ಹಿಡಿದು ಊರೂರು ಅಲೆದು ಹಣ ಕೂಡಿಸಿದರು. ಹೆಂಗಸು ಹೀಗೆ ತಿರುಗುವುದು ಮರ್ಯಾದೆಯಲ್ಲವೆಂದು ಆಡಿಕೊಂಡವರೂ ಇದ್ದರು. 1837ರ ನವೆಂಬರ್ 8ರಂದು ಶಾಲೆಯ ಬಾಗಿಲು ತೆರೆಯಿತು.

ವರ್ಷಕ್ಕೆ ಊಟ, ವಸತಿ, ಪಾಠ ಎಲ್ಲಕ್ಕೂ ಸೇರಿ 60 ಡಾಲರು. ಸೌದೆ ಮತ್ತು ದೀಪದ ಖರ್ಚು ಮಾತ್ರ ಬೇರೆ. ಇತರ ಬಾಲಿಕಾಶಾಲೆಗಳಲ್ಲಿ ಇದಕ್ಕಿಂತ ಎಷ್ಟೋ ಹೆಚ್ಚು ಕೊಡಬೇಕಾಗಿದ್ದ ಕಾಲದಲ್ಲಿ ಇದು ಹೇಗೆ ಸಾಧ್ಯವಾಯಿತು? ಶಾಲೆಯಲ್ಲಿ ಆಳುಗಳಿರಲಿಲ್ಲ. ಅಡಿಗೆ, ರೊಟ್ಟಿ ಸುಡುವುದು, ಪಾತ್ರೆ ತೊಳೆಯುವುದು, ಗುಡಿಸುವುದು, ಬಟ್ಟೆ ಒಗೆಯುವುದು, ಇವೆಲ್ಲವನ್ನೂ ವಿದ್ಯಾರ್ಥಿನಿಯರೇ ದಿನಕ್ಕೆ ಸುಮಾರು ಒಂದು ಗಂಟೆಯ ಪಾಲಿನಂತೆ ಹಂಚಿಕೊಂಡು ಮಾಡುತ್ತಲಿದ್ದರು. ಹೆಣ್ಣುಮಕ್ಕಳಿಗೆ ಮನೆಗೆಲಸ ಕಲಿಸುವುದಕ್ಕಾಗಿ ಈ ಏರ್ಪಾಡೆಂದು ಹೊರಗಿನವರು ತಿಳಿದು ಹೊಗಳಿದಾಗ ಮಿಸ್ ಲಾಯನ್ ಅವರು ಅದನ್ನು ಸ್ಪಷ್ಟವಾಗಿ ಅಲ್ಲಗಳೆದರು. ಮನೆಗೆಲಸವನ್ನು ಕಲಿಸುವ ಸ್ಥಳ ತಾಯಿಯ ಮನೆ. ಇಲ್ಲಿ ಅದು ಖರ್ಚನ್ನು ತಗ್ಗಿಸುವುದಕ್ಕೂ, ಮೈಗೆ ವ್ಯಾಯಾಮವಾಗುವುದಕ್ಕೂ, ಶಾಲೆಯು ಆಳುಗಳ ಹಂಗಿನಲ್ಲಿರದಿರುವುದಕ್ಕೂ ಎಂಬುದು ಅವರ ಅಭಿಪ್ರಾಯವಾಗಿತ್ತು. ಶಾಲೆಯಲ್ಲಿ ಕಲಿಸಬೇಕಾದದ್ದು ರಸಾಯನ ಶಾಸ್ತ್ರ, ರೇಖಾಗಣಿತ, ಶರೀರ ಶಾಸ್ತ್ರ ಮೊದಲಾದವು. ರಸಾಯನ ಶಾಸ್ತ್ರವನ್ನು ಅವರು ಸ್ವತಃ ಬೋಧಿಸುತ್ತಿದ್ದರು.

ದರ ಇಳಿದುದಕ್ಕೆ ಇನ್ನೊಂದು ಕಾರಣವೂ ಉಂಟು, ಅದನ್ನು ಮರೆಮಾಚಬಾರದು. ಉಪಾಧ್ಯಾಯಿನಿಯರ ಸಂಬಳವು ಅತ್ಯಲ್ಪವಾಗಿತ್ತು. ಮಿಸ್ ಲಾಯನ್ ಅವರೇ ವರ್ಷಕ್ಕೆ 200 ಡಾಲರನ್ನು ಮಾತ್ರ ತೆಗೆದುಕೊಳ್ಳುತ್ತಿದ್ದರು. ಅದೇ ಕಾಲದ ಮತ್ತೊಬ್ಬ ವಿದ್ಯಾಪ್ರಚಾರಕಿ ಕ್ಯಾಥರಿನ್ ಬೀಚರ್ ಇದನ್ನು ಒಪ್ಪದೆ ಆಕ್ಷೇಪಿಸಿದರು. ತ್ಯಾಗ ಮಾಡುವವರು ತಮ್ಮ ಮಟ್ಟಿಗೆ ಮಾಡಲಿ. ಅದನ್ನು ಎಲ್ಲ ಉಪಾಧ್ಯಾಯಿನಿಯರ ಕೂಲಿಯ ಅಳತೆಗೋಲನ್ನಾಗಿ ಇಟ್ಟುಕೊಳ್ಳಬಾರದೆಂದು ನನಗೂ ತೋರುವುದು.

ಇನ್ನು ಎಮಿಲಿಯ ಸಂಗತಿ. ಆ ವರ್ಷ ಸೇರಬಂದವರು ಬಹಳ ಮಂದಿಯಾದುದರಿಂದ ಪ್ರವೇಶ ಪರೀಕ್ಷೆಗಳನ್ನು ಹಿಂದಿಗಿಂತ ಬಿಗಿಮಾಡಿದ್ದರು. ಗೊತ್ತಾದ ಕಾಲದೊಳಗೆ ಎಲ್ಲವನ್ನೂ ಮುಗಿಸದವರು ಮನೆಗೆ ಹಿಂದಿರುಗಬೇಕು. ಎಮಿಲಿ ಮೂರು ದಿನಗಳಲ್ಲಿ ಮುಗಿಸಿದಳು. ಆದರೆ ಆ ಮೂರು ದಿನಗಳ ತಳಮಳವನ್ನು ಲೋಕದ ಐಶ್ವರ್ಯವೆಲ್ಲವನ್ನೂ ಕೊಟ್ಟರೂ ಮತ್ತೆ ಅನುಭವಿಸಲೊಲ್ಲೆನೆಂದು ಗೆಳತಿಗೆ ಬರೆದಳು. ಮೊದಲ ಕೆಲವು ದಿನ ಮನೆಯ ಹಂಬಲದಿಂದ ಬಹಳ ಕೊರಗಿದಳು. ಅದೃಷ್ಟವಶಾತ್ ಕೋಣೆಯಲ್ಲಿ ಜೊತೆಗಿದ್ದವಳು ಸೋದರ ಸಂಬಂಧಿಯೇ ಆದ, ಮೇಲಿನ ತರಗತಿಯ ಎಮಿಲಿ ನಾರ್‌ಕ್ರಾಸ್. ಇಷ್ಟೊಂದು ಹುಡುಗಿಯರು ಸೇರಿದ ಕಡೆ ಒರಟುತನವೇ ಹೆಚ್ಚಾಗಿರಬಹುದೆಂದು ಅಂಜಿ ಬಂದವಳಿಗೆ ಎಲ್ಲರೂ ಒಬ್ಬರನ್ನೊಬ್ಬರು ಸಂತೋಷಪಡಿಸಲು ಯತ್ನಿಸುವುದನ್ನು ಕಂಡು ಆಶ್ಚರ್ಯವಾಯಿತಂತೆ.

1847ರ ನವೆಂಬರ್ 6ರ ಕಾಗದದಲ್ಲಿ ಆಕೆ ತನ್ನ ದಿನದ ಕ್ರಮವನ್ನು ಗಡಿಯಾರ ಹಿಡಿದು ಬರೆದಿರುವಳು. ಬೆಳಿಗ್ಗೆ ಆರು ಗಂಟೆಗೆ ಎಲ್ಲರೂ ಏಳಬೇಕು, ಏಳಕ್ಕೆ ಉಪಾಹಾರ, ಎಂಟಕ್ಕೆ ಓದು ಪ್ರಾರಂಭ, ಒಂಬತ್ತಕ್ಕೆ ದೊಡ್ಡ ಸಭಾಂಗಣದಲ್ಲಿ ಪ್ರಾರ್ಥನೆ. ಹತ್ತೂಕಾಲಕ್ಕೆ ಪ್ರಾಚೀನ ಚರಿತ್ರೆಯ ಪಾಠ ಒಪ್ಪಿಸಬೇಕು. ಹನ್ನೊಂದಕ್ಕೆ ಪೋಪ್ ಕವಿಯ ಒಂದು ದೀರ್ಘ ಕಾವ್ಯ. ಅದರಲ್ಲಿ ಮಾಡಬೇಕಾದುದು ಪದ್ಯದ ಮಾತುಗಳನ್ನು ಗದ್ಯದ ಕ್ರಮಕ್ಕೆ ತಿರುಗಿಸುವುದಷ್ಟೆ. (ಜೈಮಿನಿ ಭಾರತಕ್ಕೆ ಅನ್ವಯ ಹೇಳಲು ನಿಂತು ಬೆವರಿದವರಿಗೆ ಈ ಪಾಠದ ಸ್ವರೂಪವನ್ನು ವಿವರಿಸಬೇಕಾದುದಿಲ್ಲ.) ಹನ್ನೆರಡಕ್ಕೆ ಅಂಗಸಾಧನೆ, ಆಮೇಲೆ ಕಾಲು ಗಂಟೆ ಓದು, ಹನ್ನೆರಡೂವರೆಗೆ ಮಧ್ಯಾಹ್ನದ ಊಟ. ಒಂದೂವರೆಯಿಂದ ಎರಡರವರೆಗೆ ಹಾಡುಗಾರಿಕೆ. ಎರಡೂಮುಕ್ಕಾಲಿನಿಂದ ಮೂರೂಮುಕ್ಕಾಲಿನವರೆಗೆ ಪಿಯಾನೋ ಅಭ್ಯಾಸ. ಮೂರೂಮುಕ್ಕಾಲಕ್ಕೆ ದಿನದ ಲೆಕ್ಕ ಒಪ್ಪಿಸುವುದು. ಇದನ್ನು ಮುಂದೆ ಹೇಳುವೆನು. ನಾಲ್ಕೂವರೆಗೆ ಮಿಸ್ ಲಾಯನ್ ಅವರ ಹಿತೋಪದೇಶ. ಆರಕ್ಕೆ ರಾತ್ರಿಯ ಊಟ. ಅಲ್ಲಿಂದ ಮುಂದೆ ಮೌನವಾಗಿ ಓದು. ಮಲಗುವ ಗಂಟೆ ಬಾರಿಸುವುದು ಎಂಟೂಮುಕ್ಕಾಲಕ್ಕೆ. ತಡವಾದವರನ್ನು ಹಿಡಿಯುವ ಎರಡನೆಯ ಗಂಟೆ ಒಂಬತ್ತೂಮುಕ್ಕಾಲಕ್ಕೆ. ಆದಕಾರಣ ಮೊದಲನೆಯ ಗಂಟೆಗೆ ಮಲಗುವವರು ಅಪರೂಪವೆಂದು ಎಮಿಲಿ ಮರೆಯಿಲ್ಲದೆ ಒಪ್ಪಿಕೊಂಡಿರುವಳು.

ಈ ನಡುವೆ ಆಕೆಯ ಪಾಲಿನ ಮನೆಗೆಲಸವೆಂದರೆ ಚಾಕುಗಳು. ಮೊದಲ ಸಾಲಿನ ಮೇಜುಗಳ ಮೇಲಿನ ಚಾಕುಗಳನ್ನು ಬೆಳಿಗ್ಗೆಯೂ ಮಧ್ಯಾಹ್ನವೂ ಹೊತ್ತೊಯ್ಯುವುದು; ರಾತ್ರಿ ಅಷ್ಟೇ ಚಾಕುಗಳನ್ನು ತೊಳೆದು ಒರಸಿಡುವುದು. ಕಷ್ಟದ ಕೆಲಸವಲ್ಲವೆಂದು ಆಕೆಯೇ ಬರೆದಳು. ಆದರೆ ಒಂದು ಮಾತನ್ನು ಗಮನಿಸಬೇಕು. ಎಡ್ವರ್ಡ್ ಡಿಕಿನ್ಸನ್ನರು ಶುಲ್ಕಕ್ಕೆ ಅಂಜುವವರಲ್ಲ. ಅವರ ಮಗಳು ಚಾಕು ತೊಳೆಯದೆಯೂ ಅವರಿಗೆ ನಡೆಯುತ್ತಿತ್ತು. ಪಕ್ಕದಲ್ಲಿ ನಿಂತು ತಟ್ಟೆ ತೊಳೆಯುತ್ತಿದ್ದ ಒಕ್ಕಲಿಗನ ಮಗಳಿಗಾದರೋ ಈ ಏರ್ಪಾಡಿಲ್ಲದಿದ್ದರೆ ಶಾಲೆಯೇ ಇಲ್ಲ. ಒಬ್ಬಳಿಗೆ ಹಣ ಕೊಟ್ಟು ಕೆಲಸದಿಂದ ಬಿಡುಗಡೆಯಾಗಲು ಅವಕಾಶವಿದ್ದಿದ್ದರೆ ಮತ್ತೊಬ್ಬಳು ಆಳಾಗಿಬಿಡುತ್ತಿದ್ದಳು. ಅದಕ್ಕೆ ಮಿಸ್ ಲಾಯನ್ ಅವರು ಎಡೆಗೊಡಲಿಲ್ಲ. ಈ ಶಾಲೆಯ ಎಲ್ಲ ನಿಯಮಗಳಲ್ಲಿ ನಾನು ಅತ್ಯಂತ ಮೆಚ್ಚುವುದು ಇದನ್ನೇ.

ಊಟದ ವಿಷಯದಲ್ಲಿ ಮನೆಯವರಿಗೆ ಚಿಂತೆ ಬೇಡವೆಂದು ಎಮಿಲಿ ಅಣ್ಣನಿಗೆ ಒಂದು ದಿನದ ಭೋಜನದ ಪಟ್ಟಿಯನ್ನೇ ಬರೆದು ಕಳುಹಿಸಿದಳು: ಸುಟ್ಟ ಕರುವಿನ ಮಾಂಸ, ಆಲೂಗಡ್ಡೆ, ಕುಂಬಳ, ಗೊಜ್ಜು, ಎರಡು ಬಗೆಯ ರೊಟ್ಟಿ, ಬೆಣ್ಣೆ, ಮೆಣಸು, ಉಪ್ಪು, ಕೊನೆಗೆ ಸೇಬಿನ ಕಡುಬು, ಮತ್ತು ನೀರು. ಇದು ಅರಸನಿಗೆ ಬಡಿಸತಕ್ಕ ಊಟವಲ್ಲವೇ ಎಂದು ತಮಾಷೆಯ ಪ್ರಶ್ನೆ ಬೇರೆ. ಹಾಗೆಂದರೂ ಮನೆಯಿಂದ ಬಂದ ತಿಂಡಿಯ ಮಾತು ಬಂದಾಗ ಲೇಖನಿಯ ಧಾಟಿಯೇ ಬದಲಾಗುವುದು. ಆಸ್ಟಿನ್ ನೋಡಲು ಬಂದು ಹಿಂದಿರುಗಿದಾಗ ಆತನು ಕಣ್ಮರೆಯಾಗುವವರೆಗೂ ನೋಡುತ್ತ ನಿಂತಿದ್ದು, ಕೋಣೆಗೆ ಬಂದು ಮನೆಯಿಂದ ತಂದುಕೊಟ್ಟುದನ್ನೆಲ್ಲ ಜಿಪುಣನು ಹೊನ್ನನ್ನು ಎಣಿಸುವಂತೆ ಎಣಿಸಿದಳಂತೆ. ಕೇಕು, ಶುಂಠಿಯ ರೊಟ್ಟಿ, ಪೀಚ್ ಹಣ್ಣು ಮುಂತಾದವು ಬೇಗ ತೀರಿದವು. ಸೇಬು, ಚೆಸ್ಟ್‌ನಟ್, ದ್ರಾಕ್ಷಿ ಉಳಿದಿದ್ದವು. ನಮ್ಮಲ್ಲಿ ಟ್ರಂಕಿನ ಅಡಿಯಲ್ಲಿ ಚಕ್ಕುಲಿ ಕೋಡುಬಳೆಗಳ ಡಬ್ಬಿಯನ್ನು ಅಡಗಿಸಿಟ್ಟು ದಿನಕ್ಕೆ ಎರಡರಂತೆ ಲೆಕ್ಕ ಹಾಕಿದವರು ಇದನ್ನು ಓದಿ ನಗದೆ ಇರಲಾರರು.

ಅದೇ ಅಣ್ಣನಿಗೆ ಆಕೆ ಇನ್ನೊಂದು ವಿಚಿತ್ರವಾದ ಪ್ರಶ್ನೆಯನ್ನು ಕೇಳಿರುವಳು. ದೇಶಾಧ್ಯಕ್ಷ ಪದವಿಗೆ ಯಾರು ನಿಲ್ಲುತ್ತಿದ್ದಾರೆ? ಮೆಕ್ಸಿಕೋ ದೇಶದೊಂದಿಗಿನ ಯುದ್ಧ ಮುಗಿಯಿತೇ? ಯಾವುದಾದರೂ ರಾಷ್ಟ್ರವು ಸೌತ್ ಹ್ಯಾಡ್ಲಿಗೆ ಮುತ್ತಿಗೆ ಹಾಕುವುದರಲ್ಲಿದೆಯೇ? ಹತ್ತು ಮೈಲಿಯ ಆಚೆಗಿನ ವಕೀಲರ ಮನೆಯಲ್ಲಿ ದಿನವೂ ಕಿವಿಗೆ ಬೀಳುತ್ತಿದ್ದ ಲೋಕವಾರ್ತೆ ಶಾಲೆಯ ಗೋಡೆಯೊಳಗೆ ಬರುತ್ತಿರಲಿಲ್ಲವೆಂದು ಈ ವಿನೋದದ ಒಳಗಿನ ದೂರು. ಚರಿತ್ರೆಯ ಪಾಠ ಇತ್ತು, ಈಹೊತ್ತಿನ ಸುದ್ದಿ ಇರಲಿಲ್ಲ!

ಇನ್ನು ಲೆಕ್ಕ ಒಪ್ಪಿಸುವ ಸಂಗತಿ. ಪ್ರತಿದಿನ ಅಪರಾಹ್ನ ಹುಡುಗಿಯರು ಗುಂಪುಗುಂಪಾಗಿ ಕೂಡಿ, ತಮ್ಮ ತಮ್ಮ ತಪ್ಪುಗಳನ್ನು ತಾವೇ ಬಾಯಿಬಿಟ್ಟು ಹೇಳಬೇಕು. ಗೈರುಹಾಜರಿ, ತಡವಾಗಿ ಬಂದುದು, ಮಾತಾಡಬಾರದ ಹೊತ್ತಿನಲ್ಲಿ ಮಾತಾಡಿದುದು, ಮೌನದ ಓದನ್ನು ಮುರಿದುದು, ಕೋಣೆಗೆ ಇತರರನ್ನು ಕರೆದುದು, ಇನ್ನೂ ಹತ್ತು ಸಾವಿರ ವಿಷಯಗಳೆಂದು ಎಮಿಲಿ ಬರೆಯುವಳು. ತಕ್ಕ ಕಾರಣ ಹೇಳಲಾರದವರ ಹೆಸರಿನ ಮುಂದೆ ಕಪ್ಪು ಗುರುತು ಬೀಳುವುದು. ಕಾವಲುಗಾರರನ್ನಿಡದೆ ಮನಸ್ಸಾಕ್ಷಿಯನ್ನೇ ಕಾವಲಿಗಿಟ್ಟ ಈ ಪದ್ಧತಿಯಲ್ಲಿ ದೊಡ್ಡ ವಿಶ್ವಾಸವಿದೆ, ನಿಜ. ಆದರೆ ಅದರೊಳಗೆ ಒಂದು ಅನ್ಯಾಯವೂ ಇದೆ. ಸುಳ್ಳು ಹೇಳಲಾರದ ಹುಡುಗಿಯ ಹೆಸರಿನ ಮುಂದೆಯೇ ಗುರುತುಗಳು ಹೆಚ್ಚಾಗುವವು.

ಹುಡುಗಿಯರೂ ಸಾಮಾನ್ಯರಲ್ಲ. 1848ರ ಫೆಬ್ರವರಿಯಲ್ಲಿ ಮಿಸ್ ಲಾಯನ್ ಅವರು ಸಭಾಂಗಣದಲ್ಲಿ ಎದ್ದು ನಿಂತು ವ್ಯಾಲೆಂಟೈನ್ ಎಂಬ ಒಲವಿನ ಓಲೆಗಳನ್ನು ಯಾರೂ ಕಳುಹಿಸಕೂಡದೆಂದು ಅಪ್ಪಣೆ ಮಾಡಿದರು. ಹಿಂದಿನ ವರ್ಷ ಅಲ್ಲಿದ್ದು ಅವರ ಮನಸ್ಸನ್ನು ಅರಿತಿದ್ದ ಹಿರಿಯ ಹುಡುಗಿಯರು ರಜೆಯಲ್ಲಿಯೇ ಓಲೆಗಳನ್ನು ಬರೆದು ಒಬ್ಬರ ವಶಕ್ಕೆ ಕೊಟ್ಟಿಟ್ಟಿದ್ದರು. ಅಪ್ಪಣೆ ಹೊರಡುವ ಮೊದಲೇ ಸುಮಾರು 150 ಓಲೆಗಳು ಅಂಚೆಗೆ ಸೇರಿಹೋಗಿದ್ದವು. ಉಪಾಧ್ಯಾಯಿನಿಯೊಬ್ಬರು ಹುಬ್ಬು ಗಂಟಿಕ್ಕಿಕೊಂಡು ಅಂಚೆಮನೆಗೆ ನಡೆದು ಲೆಕ್ಕವನ್ನೂ ಹೆಸರುಗಳನ್ನೂ ವಿಚಾರಿಸಿದರಂತೆ. ತಾನು ಒಂದನ್ನೂ ಬರೆಯಲಿಲ್ಲ, ತನಗೆ ಒಂದೂ ಬರಲಿಲ್ಲವೆಂದು ಎಮಿಲಿ ಅಣ್ಣನಿಗೆ ತಿಳಿಸಿದಳು. ಆ ಎರಡನೆಯ ಮಾತಿನಲ್ಲಿ ಸ್ವಲ್ಪ ನಿಟ್ಟುಸಿರೂ ಕೇಳಿಸುವುದು.

ಗಂಭೀರವಾದ ವಿಷಯವೊಂದುಂಟು. ಶಾಲೆಯಲ್ಲಿ ಧರ್ಮಶ್ರದ್ಧೆಯ ದೃಷ್ಟಿಯಿಂದ ವಿದ್ಯಾರ್ಥಿನಿಯರನ್ನು ಮೂರು ಗುಂಪಾಗಿ ಎಣಿಸುತ್ತಿದ್ದರು: ವಿಶ್ವಾಸವನ್ನು ಬಹಿರಂಗವಾಗಿ ಒಪ್ಪಿಕೊಂಡವರು, ನಿರೀಕ್ಷೆಯುಳ್ಳವರು, ನಿರೀಕ್ಷೆಯಿಲ್ಲದವರು. ಆ ಚಳಿಗಾಲದಲ್ಲಿ ಪ್ರಾರ್ಥನಾಕೂಟಗಳು ಬಲವಾಗಿ ನಡೆದು ಅನೇಕರು ಮೂರನೆಯ ಗುಂಪಿನಿಂದ ಮೇಲಕ್ಕೆ ಹೋದರು. ಎಮಿಲಿ ವರ್ಷದ ಕೊನೆಯವರೆಗೂ ಅಲ್ಲಿಯೇ ಉಳಿದಳು. ಹಟಮಾರಿತನದಿಂದ ಉಳಿದಳೆನ್ನಲಾಗದು, ದೊರೆತ ಅವಕಾಶವನ್ನು ಕೈಬಿಟ್ಟೆನೆಂಬ ಕೊರಗನ್ನು ಆಕೆಯೇ ಮೇ ತಿಂಗಳಲ್ಲಿ ಗೆಳತಿಗೆ ಬರೆದಿರುವಳು. ತನಗೆ ನಿಜವಾಗಿ ಉಂಟಾಗದ ಭಾವವನ್ನು ಉಂಟಾಯಿತೆಂದು ಹೇಳಲಾರದೆ ಉಳಿದಳು. ಮನೆಯಿಂದ ದೂರದಲ್ಲಿ, ತಾನು ಗೌರವಿಸುವ ಗುರುಗಳೆಲ್ಲರೂ ಒಂದು ಕಡೆಗೆ ಕೈಹಿಡಿದು ಕರೆಯುತ್ತಿರುವಾಗ, ಸುತ್ತಲಿನ ಗೆಳತಿಯರು ಒಬ್ಬೊಬ್ಬರಾಗಿ ಎದ್ದು ಹೋಗುತ್ತಿರುವಾಗ, ಹದಿನೇಳು ವರ್ಷದವಳಿಗೆ ಇದು ಎಷ್ಟು ಭಾರವಾಗಿದ್ದಿರಬೇಕೆಂಬುದನ್ನು ನಾವು ಊಹಿಸಿಕೊಳ್ಳಬಹುದು. ಶಾಲೆಯವರು ಆಕೆಯನ್ನು ಒತ್ತಾಯಿಸಿದರೆಂಬುದು ಎಷ್ಟು ನಿಜವೋ, ಮೂರನೆಯ ಗುಂಪಿನಲ್ಲಿ ಉಳಿದಳೆಂದು ಹೊರಹಾಕಲಿಲ್ಲವೆಂಬುದೂ ಅಷ್ಟೇ ನಿಜ. ಒಲವೂ ಒತ್ತಾಯವೂ ಒಂದೇ ಕೈಯಿಂದ ಬರುವುದು ವಸತಿಶಾಲೆಗಳಲ್ಲಿ ಹೊಸತೇನೂ ಅಲ್ಲ.

ವಸಂತಕಾಲ ಬರುವ ವೇಳೆಗೆ ಎಮಿಲಿಗೆ ಕೆಮ್ಮು ಹತ್ತಿತು. ಆ ಕಾಲದಲ್ಲಿ ಆ ಸೀಮೆಯ ತಾಯ್ತಂದೆಗಳು ಕೆಮ್ಮೆಂದರೆ ಕ್ಷಯವೆಂದೇ ನಡುಗುತ್ತಿದ್ದರು. ಅದೂ ಅಲ್ಲದೆ 1840ರಲ್ಲಿ ಇದೇ ಶಾಲೆಯಲ್ಲಿ ವಿಷಮಶೀತಜ್ವರ ಹಬ್ಬಿ ಹಲವರು ಹಾಸಿಗೆ ಹಿಡಿದು, ಕೆಲವರು ತೀರಿಕೊಂಡಿದ್ದರು. ಆದುದರಿಂದಲೇ ಎಮಿಲಿ ತನ್ನ ಅಸ್ವಸ್ಥತೆಯನ್ನು ಮನೆಗೆ ತಿಳಿಸಲಿಲ್ಲ. ತಿಳಿಸಿದರೆ ಕರೆದೊಯ್ಯುವರು, ತರಗತಿ ತಪ್ಪುವುದು, ವೈದ್ಯರ ಕಷಾಯಗಳನ್ನು ಕುಡಿಯಬೇಕಾಗುವುದು! ಕಾಗದಗಳಲ್ಲಿ ಎಲ್ಲವೂ ಕ್ಷೇಮವೇ. ಆದರೆ ಆಮ್ಹರ್ಸ್ಟಿನಿಂದ ಗೆಳತಿಯೊಬ್ಬಳು ಬಂದು ಕೆಲವು ದಿನ ಇದ್ದು ಹಿಂದಿರುಗಿ ಸಂಗತಿಯನ್ನು ಹೇಳಿಬಿಟ್ಟಳು. ಒಂದು ದಿನ ಆಸ್ಟಿನ್ ತಂದೆಯ ಅಪ್ಪಣೆಯೊಂದಿಗೆ ಶಾಲೆಯ ಬಾಗಿಲಿಗೆ ಬಂದು ನಿಂತನು. ಎಮಿಲಿ ವಾದಿಸಿದಳು, ಕಣ್ಣೀರಿಟ್ಟಳು. ಯಾವುದೂ ನಡೆಯದೆ ಸೋತವಳಂತೆ ಹಿಂಬಾಲಿಸಿದಳು.

ಕೆಲವು ತಿಂಗಳ ಹಿಂದೆ, ನವೆಂಬರ್ 24ರಂದು, ಇದೇ ದಾರಿಯಲ್ಲಿ ಇದೇ ಅಣ್ಣನೊಂದಿಗೆ ಕೃತಜ್ಞತಾ ಹಬ್ಬಕ್ಕೆಂದು ಮನೆಗೆ ಹೋಗುವಾಗ ಗಾಳಿಮಳೆಯನ್ನೂ ಲೆಕ್ಕಿಸದೆ ಹಿಗ್ಗಿದ್ದಳು. ಊರಿನ ದೇವಾಲಯದ ಗೋಪುರ ಕಂಡಾಗ ದೇವರಿಗೆ ವಂದಿಸಿದ್ದಳು. ಬಾಗಿಲಲ್ಲಿ ಕಣ್ಣೀರು ತುಂಬಿದ ತಾಯಿಯಿಂದ ಹಿಡಿದು ಬೆಕ್ಕಿನವರೆಗೆ ಎಲ್ಲರೂ ಆಕೆಗಾಗಿ ಕಾದಿದ್ದರು. ಮನೆಗಾಗಿ ದಿನಗಳನ್ನು ಎಣಿಸುತ್ತಿದ್ದ ಅದೇ ಹುಡುಗಿ ಈಗ ಶಾಲೆಯನ್ನು ಬಿಟ್ಟು ಬರಲಾರೆನೆಂದು ಅತ್ತಳು! ಈ ಎರಡು ಪ್ರಯಾಣಗಳ ನಡುವೆ ಆ ಶಾಲೆ ಆಕೆಗೆ ಏನಾಯಿತೆಂಬುದನ್ನು ಯಾವ ಪ್ರಶಂಸಾಪತ್ರವೂ ಇದಕ್ಕಿಂತ ಚೆನ್ನಾಗಿ ಹೇಳಲಾರದು.

ಮನೆಯಲ್ಲಿ ಸುಮಾರು ಒಂದು ತಿಂಗಳು ಔಷಧ ಕುಡಿಯುತ್ತ, ತರಗತಿಯವರಿಗಿಂತ ಹಿಂದೆ ಬೀಳದಂತೆ ತಾನೇ ಓದಿಕೊಂಡು, ಮತ್ತೆ ಶಾಲೆಗೆ ಬಂದಳು. ಆದರೆ ಇನ್ನೊಂದು ವರ್ಷ ಕಳುಹಿಸುವುದಿಲ್ಲವೆಂದು ತಂದೆ ಆಗಲೇ ನಿಶ್ಚಯಿಸಿದ್ದರು. 1848ರ ಆಗಸ್ಟಿನಲ್ಲಿ ಅವಧಿ ಮುಗಿಯಿತು. ಎಮಿಲಿ ಪೆಟ್ಟಿಗೆ ಕಟ್ಟಿಕೊಂಡು ಊರಿಗೆ ಹೊರಟಳು. ಅದೇ ಆಕೆಯ ಶಾಲಾ ವಿದ್ಯಾಭ್ಯಾಸದ ಕೊನೆ.

ಮಿಸ್ ಲಾಯನ್ ಅವರು ಮತ್ತೆ ಏಳು ತಿಂಗಳು ಮಾತ್ರ ಬದುಕಿದ್ದರು. 1849ರ ಮಾರ್ಚ್ 5ರಂದು ಸರ್ಪಿ ರೋಗದಿಂದ ತೀರಿಕೊಂಡರು. ಕಾಯಿಲೆ ಬಿದ್ದ ಒಬ್ಬ ವಿದ್ಯಾರ್ಥಿನಿಯ ಶುಶ್ರೂಷೆ ಮಾಡುವಾಗ ಅದು ಅವರಿಗೆ ಅಂಟಿತೆಂದು ಹೇಳುವರು. ಅವರಲ್ಲಿ ಕಲಿತ ಫಿಡೀಲಿಯಾ ಫಿಸ್ಕ್ ಅದಕ್ಕೆ ಮೊದಲೇ, 1843ರಲ್ಲಿ, ಪಾರಸೀಕ ದೇಶದ ಉರ್ಮಿಯಾಕ್ಕೆ ಹೋಗಿ ಬಾಲಿಕೆಯರಿಗೆ ವಸತಿಶಾಲೆಯನ್ನು ನಡೆಸುತ್ತಲಿದ್ದರು. ದಕ್ಷಿಣ ಆಫ್ರಿಕದ ವೆಲಿಂಗ್ಟನ್ನಿನಲ್ಲಿ 1874ರಲ್ಲಿ ಹ್ಯೂಗೆನೊ ವಿದ್ಯಾಶಾಲೆ ಹುಟ್ಟಿದುದೂ ಹೋಲ್ಯೋಕ್ ಮಾದರಿಯಲ್ಲಿಯೇ. ಹಳೆಯ ಕಟ್ಟಡ 1896ರಲ್ಲಿ ಬೆಂಕಿಗೆ ಆಹುತಿಯಾಯಿತು. ಶಾಲೆ ಅದಕ್ಕೆ ಮೊದಲೇ ಕಾಲೇಜಾಗಿ ಬೆಳೆದಿತ್ತು, ಇಂದಿಗೂ ನಡೆಯುತ್ತಿದೆ.

ಎಮಿಲಿ ಉಳಿದ ಆಯುಷ್ಯದ ಬಹುಭಾಗವನ್ನು ತಂದೆಯ ಮನೆಯಲ್ಲಿಯೇ ಕಳೆದಳು. 1856ರಲ್ಲಿ ಊರಿನ ದನಗಳ ಜಾತ್ರೆಯ ಪ್ರದರ್ಶನದಲ್ಲಿ ಆಕೆ ಸುಟ್ಟ ರೊಟ್ಟಿಗೆ ಎರಡನೆಯ ಬಹುಮಾನ ಬಂತು. ಮನೆಯ ರೊಟ್ಟಿಯನ್ನೆಲ್ಲ ಆಕೆಯೇ ಮಾಡುತ್ತಿದ್ದಳು. ತಂದೆಗೆ ಬೇರೆ ಯಾರ ಕೈಯ ರೊಟ್ಟಿಯೂ ಹಿಡಿಸುತ್ತಿರಲಿಲ್ಲ. 1886ರ ಮೇ 15ರಂದು ಆಕೆ ತೀರಿಕೊಂಡ ಮೇಲೆ, ಕೋಣೆಯ ಪೆಟ್ಟಿಗೆಯಲ್ಲಿ ಕೈಯಿಂದ ಹೊಲಿದ ಚಿಕ್ಕ ಚಿಕ್ಕ ಪುಸ್ತಕಗಳು ತಂಗಿಗೆ ದೊರೆತವು. ಆಕೆ ಬರೆದ ಪದ್ಯಗಳು ಒಟ್ಟು ಸುಮಾರು 1,800. ಬದುಕಿದ್ದಾಗ ಅಚ್ಚಾದವು ಹನ್ನೆರಡಕ್ಕೂ ಕಡಿಮೆ.